ವಿಪತ್ತಿಗೆ ಕಾಯಿ ಒಡೆದ ಯಜಮಾನರು

ಅವರ ಬಲಗೈಯ ಹೆಬ್ಬೆರಳಿಗೂ ತೋರುಬೆರಳಿಗೂ ಗೆರೆಗಳೇ ಇರಲಿಲ್ಲ. ಹಬೆಯಾಡುವ ತಟ್ಟೆ ಇಡ್ಲಿಯನ್ನು ಬರಿಗೈಯಲ್ಲಿ ಎತ್ತಿ ಎತ್ತಿ ತುದಿಗಳು ಹೊಳೆಗಲ್ಲಿನಂತೆ ನುಣ್ಣಗಾಗಿದ್ದವು. ಬಿಡದಿಯ ಕಾರ್ಖಾನೆಯ ಗೇಟಿಗೆ ಬೆರಳೊತ್ತುವ ಯಂತ್ರ ಬಂದಾಗ ಅದು ಸುತ್ತಮುತ್ತಲ ಊರಿನವರನ್ನೆಲ್ಲ ಗುರುತಿಸಿತು. ಅವರಿಗೆಲ್ಲ ತಿಂಡಿ ತರುತ್ತಿದ್ದ ಇವರೊಬ್ಬರನ್ನು ಮಾತ್ರ ಗುರುತಿಸಲಿಲ್ಲ. "ನಾನಿಲ್ಲ ಅಂತೈತೆ ಕಣ್ರೀ ಮೇಷ್ಟ್ರೇ. ಹಂಗಾರೆ ಇಡ್ಲಿ ತಂದೋರು ಯಾರು ಅಂತ ಅದುನ್ನೇ ಕೇಳಿ!" ಎಂದು ಹಣೆಯ ವಿಭೂತಿ ನೆರಿಗೆಗಟ್ಟುವಂತೆ ನಕ್ಕರು.

ನಾನಾಗ ಅವರ ಹೋಟೆಲಿನ ಪತ್ರವ್ಯವಹಾರದ ಮಂತ್ರಿ. ರಾಮನಗರದ ನನ್ನ ಟೈಪಿಂಗ್ ಶಾಲೆ ಕಂಪ್ಯೂಟರಿನ ಆಗಮನದಿಂದ ಸಕಲ ಮರ್ಯಾದೆಗಳೊಂದಿಗೆ ಮುಚ್ಚಿಹೋಗಿತ್ತು. ತಿಂಡಿಗೆಂದು ಬಂದವನನ್ನು ಯಜಮಾನರು ಕೂರಿಸಿಕೊಂಡರು. "ನೀವು ಕುಟ್ಟೋರು, ನಾನು ಬೇಯ್ಸೋನು. ಇಬ್ರೂ ಒಂದ್ ಕಡೆ ಇದ್ರೆ ಏನ್ ಮುಳುಗೋಯ್ತದೆ?" ಎಂದರು. ಅಂದಿನಿಂದ ನನ್ನ ಮನೆಯ ಒಲೆ ಉರಿದದ್ದು ಅವರ ಒಲೆಯ ಕೃಪೆಯಿಂದ. ಯಾರು ಎದುರಾದರೂ ಅವರ ಮೊದಲ ಪ್ರಶ್ನೆ ಒಂದೇ: "ಬಿಸಿ ಇತ್ತಾ?" ಯೋಗಕ್ಷೇಮವೆಲ್ಲ ಆಮೇಲೆ.

ಮೊದಲೆಲ್ಲ ಸಾಂಬಾರಿನ ಪಾತ್ರೆ ಇಳಿಸುವಾಗ ಕ್ಯಾಂಟೀನಿನವನು ಕೂಗಿ ಹೇಳಿದ್ದೇ ಆರ್ಡರು. ನಾಗರಿಕತೆ ಮುಂದುವರಿದ ಮೇಲೆ ಕಾರ್ಖಾನೆಯವರು ಎಲ್ಲವೂ ಇಂಟರ್‌ನೆಟ್ಟಿನ ಆಫೀಸಿನಲ್ಲೇ ನಡೆಯತಕ್ಕದ್ದು ಎಂದರು: ಯಾವ ಪಾಳಿಗೆ ಎಷ್ಟು ಇಡ್ಲಿ, ಬಿಲ್ಲು, ನೀರಿನ ಪರೀಕ್ಷೆಯ ಸರ್ಟಿಫಿಕೇಟು, ಎಲ್ಲ. ಕಲಿಸಲು ಬಂದ ಟೈ ಕಟ್ಟಿದ ತರುಣ, ಇನ್ನು ನಿಮ್ಮದೆಲ್ಲ ಮೋಡದಲ್ಲಿ ಭದ್ರವಾಗಿರುತ್ತದೆ ಎಂದು ಅಭಯವಿತ್ತ. ಯಜಮಾನರು ಬಾಗಿಲಿಗೆ ಹೋಗಿ ಆಕಾಶ ನೋಡಿ ಬಂದರು. "ನಮ್ ಕಡೆ ಮೋಡ ನಂಬ್ಕಂಡು ಒಣಗಾಕಿರೋ ಬಟ್ಟೆನೂ ಎತ್ತಾಕಿಲ್ಲ ಕಣಪ್ಪ." ಆದರೂ ಒಪ್ಪಿದರು. ಪಾಸ್‌ವರ್ಡನ್ನು ಹೆಂಡತಿಗೂ ಹೇಳಬಾರದೆಂಬ ಅವನ ಮಾತನ್ನು ದೀಕ್ಷೆಯಂತೆ ಸ್ವೀಕರಿಸಿದರು. ಪ್ರತಿ ಬೆಳಿಗ್ಗೆ ದೀಪಕ್ಕೆ ಗಾಳಿ ತಾಗದ ಹಾಗೆ ಎಡಗೈ ಅಡ್ಡ ಹಿಡಿದು, ಆ ಗೆರೆಯಿಲ್ಲದ ಬೆರಳಿನಿಂದ ಒಂದೊಂದೇ ಅಕ್ಷರ ಒತ್ತುವರು. ಆ ಹೊತ್ತಿನಲ್ಲಿ ನಾನು ಗೋಡೆ ನೋಡತಕ್ಕದ್ದು ಎಂಬುದು ಸಂಪ್ರದಾಯ.

ಕೆಲವು ಕಾಲದ ಮೇಲೆ ಇನ್ನೊಂದು ಅಪ್ಪಣೆ ಬಂತು. ವಿಪತ್ತು ಬಂದರೆ ನಿಮ್ಮ ವ್ಯವಹಾರ ಹೇಗೆ ಚೇತರಿಸಿಕೊಳ್ಳುತ್ತದೆ, ಯೋಜನೆ ಬರೆದುಕೊಡಿ; ಅಭ್ಯಾಸಕ್ಕೆಂದು ಒಮ್ಮೆ ಮಾಡಿಯೂ ತೋರಿಸಿ. ಅಡುಗೆಮನೆಯಲ್ಲೇ ಕೂತು ಬರೆದೆವು. ಬೆಂಕಿ ಬಿದ್ದರೆ ಹೀಗೆ, ಕರೆಂಟು ಹೋದರೆ ಹಾಗೆ, ರಸ್ತೆ ಅಗಲ ಮಾಡುವ ಜೆಸಿಬಿ ಟೆಲಿಫೋನ್ ತಂತಿ ಕಿತ್ತರೆ ಇನ್ನೊಂದು ರೀತಿ. ಕೊನೆಯಲ್ಲಿ ಮುಖ್ಯ ವ್ಯಕ್ತಿ ಇಲ್ಲವಾದರೆ ಏನು ಕ್ರಮ ಎಂದಿತ್ತು. ನಾನು ಗಟ್ಟಿಯಾಗಿ ಓದಿಕೊಂಡೆ: "ಯಜಮಾನರು ತೀರಿಕೊಂಡ ಪಕ್ಷದಲ್ಲಿ..."

ಚಟ್ನಿಗೆ ಕಾಯಿ ತುರಿಯುತ್ತಿದ್ದ ಅಮ್ಮಾವ್ರು, ಎಂದರೆ ಯಜಮಾನರ ಹೆಂಡತಿ, ತುರಿಯುವ ಮಣೆಯಿಂದಲೇ ಎದ್ದರು. "ಬುಡ್ತು ಅನ್ನಿ ಮೇಷ್ಟ್ರೇ! ಮೊದ್ಲು ಬುಡ್ತು ಅನ್ನಿ!"

"ಬಿಡ್ತು," ಎಂದೆ. ಬಾಯಿತಪ್ಪಿ ಆಡಿದ ಅಪಶಕುನಕ್ಕೆ ನಮ್ಮಲ್ಲಿ ಅದೊಂದೇ ಔಷಧ.

"ಬಾಯಲ್ಲಿ ಅಂದ್ರೆ ಆಯ್ತಾ? ಅದ್ರಿಂದ್ಲೂ ತೆಗೀರಿ."

"ತೀರಿಕೊಂಡರೆ ಬೇಡ, ಊರಿಗೆ ಹೋದರೆ ಅಂತ ಹಾಕೋಣ," ಎಂದು ರಾಜಿ ಸೂಚಿಸಿದೆ.

"ಹೊಂಗನೂರಿಗೆ ಹೋದ್ರೆ ಸಂಜೆ ಬಸ್ಸಿಗೆ ಬತ್ತೀನಲ್ಲ," ಎಂದರು ಯಜಮಾನರು. "ಅದ್ಯಾವ ಸೀಮೆ ವಿಪತ್ತು?"

ಸರ್ವಾನುಮತದಿಂದ ಅಲ್ಲಿ 'ಅನ್ವಯಿಸುವುದಿಲ್ಲ' ಎಂದು ನಮೂದಾಯಿತು.

ಅಭ್ಯಾಸದ ದಿನ ಬಾಗಿಲಿಗೆ ಮಾವಿನ ತೋರಣ. ಕಂಪ್ಯೂಟರಿಗೆ ಹೂವು, ಕಾಯಿ, ಕರ್ಪೂರ. ಪರಿಶೀಲನೆಗೆ ಬಂದ ಅಧಿಕಾರಿಗೆ ಶಾಲು. ಯಜಮಾನರು ಗಂಟೆ ಬಾರಿಸಿದ ಕೂಡಲೇ ಅಡುಗೆಯ ಹೆಂಗಸರು ಆತಂಕದಿಂದ ಓಡತಕ್ಕದ್ದೆಂದು ಯೋಜನೆಯಲ್ಲಿತ್ತು. ಅವರು ನಗುನಗುತ್ತ ಹಿತ್ತಲಿಗೆ ನಡೆದರು. ಆಮೇಲೆ ಎಲ್ಲರಿಗೂ ಇಡ್ಲಿ. ವಿಪತ್ತು ವಿಜೃಂಭಣೆಯಿಂದ ನೆರವೇರಿತು. ಯೋಜನೆಯನ್ನು ಅತ್ಯಂತ ಭದ್ರವಾದ ಜಾಗದಲ್ಲಿಟ್ಟೆವು, ಅಂದರೆ ಆ ಇಂಟರ್‌ನೆಟ್ಟಿನ ಆಫೀಸಿನಲ್ಲೇ.

ಮುಂದೊಂದು ಬೆಳಿಗ್ಗೆ ಯಜಮಾನರ ಕೈಯಿಂದ ಇಡ್ಲಿ ಜಾರಿ ಬಿತ್ತು. ಯಾವತ್ತೂ ಬಿದ್ದದ್ದಲ್ಲ. ಹಿಂದೆಯೇ ಅವರೂ ಕುಸಿದರು. ಲಕ್ವ ಹೊಡೆದು ಬಲಭಾಗ ಪೂರ್ತಿ ಹೋಯಿತು. ಮಾತಿನಲ್ಲಿ ಉಳಿದದ್ದು "ಬಿಸಿ" ಎಂಬ ಒಂದೇ ಪದ.

ಆ ವಾರವೇ ಕಾರ್ಖಾನೆಯ ತಿಂಡಿ ಗುತ್ತಿಗೆಯ ನವೀಕರಣದ ಕಾಗದಗಳು ಹೋಗಬೇಕಿತ್ತು. ಅವೆಲ್ಲ ಕಂಪ್ಯೂಟರಿನ ಆಚೆ ಕಡೆ. ಈಚೆ ಕಡೆ ಅದು ಪಾಸ್‌ವರ್ಡ್ ಕೇಳುತ್ತ ಕೂತಿತ್ತು. ಅಧಿಕಾರಿಗೆ ಫೋನ್ ಮಾಡಿದೆ. ಅವರು ಬಹಳ ಸೌಜನ್ಯದಿಂದ, "ನಿಮ್ಮ ಯೋಜನೆಯಲ್ಲಿ ಹೇಗೆ ಬರೆದಿದೆಯೋ ಹಾಗೆ ಮಾಡಿ ಸಾರ್," ಎಂದರು. ಆ ಯೋಜನೆಯೂ ಆಚೆ ಕಡೆಯೇ ಇತ್ತು.

ಪಾಸ್‌ವರ್ಡ್ ಮರೆತವರಿಗೆ ಯಂತ್ರ ಒಂದು ದಾರಿ ಬಿಟ್ಟಿತ್ತು: ನಿಮ್ಮ ಬಾಲ್ಯದ ಗೆಳೆಯನ ಹೆಸರೇನು? ಸುದ್ದಿ ತಿಳಿದು ಹೊಂಗನೂರಿನಿಂದ ಬಸ್ಸಿಳಿದು ಗೆಳೆಯರು ಬರತೊಡಗಿದರು.

"ನನ್ ಹೆಸ್ರು ಹಾಕಿ ಮೇಷ್ಟ್ರೇ. ಎಮ್ಮೆ ಮೈ ತೊಳ್ದೋರು ನಾವಿಬ್ರೇ."

"ಲೇ, ನೀನ್ ಯಾವಾಗ್ಲಾ ಗೆಳೆಯ ಆದೆ? ನಿನ್ ಕಂಡ್ರೆ ಕಲ್ ತಗಂಡು ಅಟ್ಟುಸ್ಕಂಡ್ ಬತ್ತಿದ್ನಲ್ಲಾ ಅವ್ನು!"

ಒಬ್ಬರ ಹೆಸರನ್ನೂ ಬಿಡದೆ ಕುಟ್ಟಿದೆ. ಯಂತ್ರ ಯಾರ ಸ್ನೇಹವನ್ನೂ ಮಾನ್ಯ ಮಾಡದೆ ಕದ ಹಾಕಿಕೊಂಡಿತು. ಇನ್ನು ಏನಿದ್ದರೂ ಪಾಸ್‌ವರ್ಡೇ ಬೇಕೆಂದಿತು.

ಕೀಬೋರ್ಡು ಹಿಡಿದು ಆಸ್ಪತ್ರೆಗೆ ಹೋದೆ. "ಮನ್ಸ ಹಿಂಗ್ ಮಲಗವ್ರೆ, ನಿಮ್ಗೆ ಅದ್ರದ್ದೇ ಗ್ಯಾನ," ಎಂದು ಅಮ್ಮಾವ್ರು ಗದರಿಸಿದರೂ ದಿಂಬು ಎತ್ತರಿಸಿ ಕೊಟ್ಟರು. ಗುತ್ತಿಗೆ ಹೋದರೆ ಅಡುಗೆಮನೆಯೇ ಹೋದಂತೆ ಎಂದು ಅವರಿಗೂ ಗೊತ್ತಿತ್ತು. ಕೀಬೋರ್ಡನ್ನು ತೊಡೆಯ ಮೇಲಿಟ್ಟೆ. ಯಜಮಾನರಿಗೆ ಎಲ್ಲ ಅರ್ಥವಾಯಿತು. ಎಡಗೈಯನ್ನು ನಿಧಾನವಾಗಿ ಎತ್ತಿ, ದೀಪಕ್ಕೆ ಹಿಡಿಯುವ ಹಾಗೆ ಅಡ್ಡ ಹಿಡಿದರು. ನಾನು ಅಭ್ಯಾಸಬಲದಿಂದ ಗೋಡೆಯ ಕಡೆ ತಿರುಗಿದೆ. ಕಾದೆ. ಸದ್ದೇ ಬರಲಿಲ್ಲ. ತಿರುಗಿ ನೋಡಿದರೆ ಎಡಗೈ ಇನ್ನೂ ಅಡ್ಡವೇ ಇತ್ತು. ಬಲಗೈ ಹಾಸಿಗೆಯ ಮೇಲೆ ಯಾರೋ ಇಟ್ಟುಹೋದ ವಸ್ತುವಿನಂತೆ ಬಿದ್ದಿತ್ತು. ಅಕ್ಷರಗಳ ದಾರಿ ಗೊತ್ತಿದ್ದದ್ದು ಆ ಕೈಗೊಂದೇ. ಅದನ್ನೇ ನೋಡುತ್ತ ಅವರು "ಬಿಸಿ... ಬಿಸಿ..." ಎಂದರು. ನಾನು ಆ ಬೆರಳುಗಳನ್ನು ಮುಟ್ಟಿದೆ. ತಣ್ಣಗಿದ್ದವು.

ಗುತ್ತಿಗೆ ಬೆಂಗಳೂರಿನವರಿಗೆ ಹೋಯಿತು. ಅಡುಗೆಯ ಹೆಂಗಸರು ಗಾರ್ಮೆಂಟ್ಸಿನ ಬಸ್ಸು ಹತ್ತಿದರು. ಯಜಮಾನರು ಹೋದದ್ದೂ ಅದೇ ವಾರ.

ಅವರು ಹೋಗುವ ಹಿಂದಿನ ಸಂಜೆ ಆಸ್ಪತ್ರೆಯ ಮೆಟ್ಟಿಲ ಮೇಲೆ ಅಮ್ಮಾವ್ರ ಜೊತೆ ಕೂತಿದ್ದೆ. "ಅಮ್ಮಾವ್ರೇ, ಅಕಸ್ಮಾತ್ ಯಜಮಾನ್ರು ಹೋಗ್ಬಿಟ್ರೆ..." ಎಂದವನು ನಾಲಗೆ ಕಚ್ಚಿಕೊಂಡೆ. ಈಗ ಬೈಯುತ್ತಾರೆ ಎಂದು ಕಾದೆ. ಅವರು ಸೆರಗಿನ ತುದಿ ಸುತ್ತುತ್ತ ರಸ್ತೆ ನೋಡುತ್ತಿದ್ದರು.

ಯಾರೂ ಕೇಳದೆ ನಾನೇ "ಬಿಡ್ತು" ಎಂದೆ.