ಮುಂಗೈಯ ಮೂರು ಚುಕ್ಕಿ

ಹೊತ್ತು ಇನ್ನೂ ಪೂರ್ತಿ ಮೂಡಿಲ್ಲ. ಅಕ್ಕಿಆಲೂರಿನ ಹಾದಿಯಲ್ಲಿರುವ ಹಳ್ಳಿಯೊಂದರ ದವಾಖಾನೆಯ ಕಟ್ಟೆಯ ಮೇಲೆ ಆಗಲೇ ಹನ್ನೆರಡು ಮಂದಿ ಕುಳಿತಿದ್ದಾರೆ. ಕಸ ಹೊಡೆದು ನೀರು ಕುದಿಯಲಿಟ್ಟ ಗೌಸಬಿ ಒಬ್ಬೊಬ್ಬರ ಎಡಗೈ ಹಿಡಿದು, ತಿರುಗಿಸಿ ನೋಡುತ್ತಾರೆ.

"ಮುತ್ಯಾ, ನೋವಿನ ಬಿಳಿ ಗುಳಿಗಿ ಮೊದಲ ಯಾವಾಗರ ನುಂಗೀಯೇನು? ಮೈಮ್ಯಾಲೆ ದದ್ದು ಎದ್ದಿದ್ವೇನು? ತುಟಿ ಬಾತಿತ್ತೇನು?"

"ನನ್ನ ತುಟಿ ಹುಟ್ಟಿದಾಗಿಂದ ಹಿಂಗ ಐತಿ ಬೇ," ಎಂದು ನಗುತ್ತಾನೆ ಮುದುಕ ಕರಬಸಪ್ಪ.

"ಅದು ನಿನ್ನ ಮಾತಿನ ಭಾರಕ್ಕ ಜೋತು ಬಿದ್ದೈತಿ. ಕೇಳಿದ್ದಷ್ಟ ಹೇಳು."

ಗೌಸಬಿ ಸವಣೂರಿನ ಮಗಳು. ಈ ದವಾಖಾನೆಯ ಕಸ ಗುಡಿಸಲು ಬಂದು ಹತ್ತೊಂಬತ್ತು ವರ್ಷ. ೧೯೩೯ರಲ್ಲಿ ಒಂದೇ ತಿಂಗಳಲ್ಲಿ, ಇಲ್ಲಿಂದ ಔಷಧ ಒಯ್ದ ಮೂವರು ಮೈತುಂಬ ದದ್ದೆದ್ದು, ಕಣ್ಣು ಮುಚ್ಚುವಷ್ಟು ಮುಖ ಬಾತು ತಿರುಗಿ ಬಂದರು. ಎಲ್ಲರೂ ಪಿತ್ತವೆಂದರು, ಕಂಬಳಿಯಿಂದ ಮೈ ತಿಕ್ಕಿ ಕಾವಿ ಹಚ್ಚಿದರು. ಮೂವರೂ ನುಂಗಿದ್ದು ಅದೇ ಬಿಳಿ ಗುಳಿಗೆ ಎಂಬುದನ್ನು ನೆನಪಿಟ್ಟವರು ಗೌಸಬಿ ಒಬ್ಬರೇ.

"ನನಗ ಬರ್ಯಾಕ ಬರಾಂಗಿಲ್ರಿ. ಯಾರರ ಚೀಟಿ ಬರದು ಕೊಟ್ರೂ ಮಂದಿ ಅದರಾಗ ಎಲಿಅಡಿಕಿ ಕಟಗೋತಾರ. ಅದಕ್ಕ ಆ ಗುಳಿಗಿ ಒಗ್ಗದವರ ಎಡ ಮುಂಗೈಗೆ ಮೂರು ಗಂಟಿನ ಹಸರು ದಾರ ಕಟ್ಟಿದೆ. ದಾರ ಇದ್ದವರಿಗೆ ಆ ಗುಳಿಗಿ ಬ್ಯಾಡ್ರಿ ಅಂತ ಸಾಹೇಬರಿಗೆ ಹೇಳಿದೆ."

ಏಳು ವರ್ಷದಲ್ಲಿ ಇಪ್ಪತ್ತಮೂರು ಮುಂಗೈಗೆ ದಾರ ಕಟ್ಟಿದ್ದಾರೆ. ಸಾಹೇಬರೆಂದರೆ ಕಂಪೌಂಡರರು. ಪತ್ರಿಕೆಗೆ ಬರೆಯಲು ಬಂದ ನನ್ನೆದುರಿಗೇ ಅವರು ಅಂದರು: "ಕಸಬರಿಗಿ ಹಿಡಿಯೋರು ಔಷಧದ ವಿಚಾರ ಮಾತಾಡೂದೇನ್ರಿ?"

ಹೋದ ಸುಗ್ಗಿಯಲ್ಲಿ ಸಿದ್ದವ್ವ ಎಂಬಾಕೆ ಕುಡಗೋಲಿನಿಂದ ಎಡ ಅಂಗೈ ಕೊಯ್ದುಕೊಂಡು ಬಂದಳು. ಗೌಸಬಿ ಆಗ ಬಾವಿಗೆ ಹೋಗಿದ್ದರು. ಪಟ್ಟಿ ಕಟ್ಟಲು ಅಡ್ಡವಾದ ದಾರವನ್ನು ಯಾವುದೋ ಹರಕೆಯದೆಂದು ಕಂಪೌಂಡರರು ಕತ್ತರಿಸಿ ಎಸೆದರು. ನೋವಿಗೆಂದು ಎರಡು ಬಿಳಿ ಗುಳಿಗೆ ನುಂಗಿಸಿ ಕಳಿಸಿದರು.

"ಕಸಾ ಗುಡಸೂಮುಂದ ದಾರ ಸಿಕ್ತ್ರಿ. ಮೂರು ಗಂಟು ನಂದ. ಕಸಬರಿಗಿ ಅಲ್ಲೇ ಒಗದು ಓಡಿದೆ."

ಅವರು ಮನೆ ಮುಟ್ಟುವ ಹೊತ್ತಿಗೆ ಮುಖ ಬಾತು ಸಿದ್ದವ್ವಳ ಗುರುತೇ ಸಿಗುವಂತಿರಲಿಲ್ಲ. ಮನೆಯವರು ಕಂಬಳಿಯಿಂದ ತಿಕ್ಕುತ್ತಲೇ ಇದ್ದರು. ಹಾನಗಲ್ಲಿನ ದೊಡ್ಡ ದವಾಖಾನೆಗೆ ಒಯ್ಯುವ ದಾರಿಯಲ್ಲಿ, ಚಕ್ಕಡಿಯಲ್ಲೇ, ಉಸಿರು ಸಿಕ್ಕಿಕೊಂಡು ಸತ್ತಳು. ದವಾಖಾನೆಯ ಪುಸ್ತಕದಲ್ಲಿ ಬರೆದದ್ದು 'ಗಾಯದ ನಂಜು' ಎಂದು.

ನಾನು ವೈದ್ಯನಲ್ಲ. ತಪ್ಪು ಬರೆದೇನೆಂದು ಹುಬ್ಬಳ್ಳಿಯ ಡಾಕ್ಟರರೊಬ್ಬರನ್ನು ಎರಡು ಸಲ ಹೋಗಿ ಕೇಳಿದೆ. ಹೆಚ್ಚಿನವರಿಗೆ ಆ ಗುಳಿಗೆ ಏನೂ ಮಾಡುವುದಿಲ್ಲ. ಕೆಲವರ ಮೈಗೆ ಮಾತ್ರ ಒಗ್ಗುವುದಿಲ್ಲ. ಅಂಥವರಿಗೆ ಮತ್ತೆ ಕೊಟ್ಟರೆ ಜೀವಕ್ಕೇ ಕುತ್ತು ಬರಬಹುದು ಎಂದರು. ಗೌಸಬಿ ಏಳು ವರ್ಷದಿಂದ ಹೇಳುತ್ತಿದ್ದದ್ದೂ ಇದೇ. ಅದನ್ನು ಕೇಳಿಸಿಕೊಳ್ಳಲು ಎಷ್ಟು ಹೊತ್ತು ಬೇಕಿತ್ತು? ಹೇಳಿದವರ ಕೈಯಲ್ಲಿ ಕಸಬರಿಗೆ ಇತ್ತೆಂದು ಒಂದು ಜೀವ ಹೋಗಬೇಕೆ?

ದವಾಖಾನೆಯ ಹೆಸರನ್ನು ನಾನು ಬರೆಯುತ್ತಿಲ್ಲ. ಗೌಸಬಿಯ ಹೆಸರನ್ನೂ ಬಿಡಬೇಕೆಂದಿದ್ದೆ, ಅವರ ಕೆಲಸಕ್ಕೆ ಸಂಚಕಾರ ಬಂದೀತೆಂದು. ಅವರು ಒಪ್ಪಲಿಲ್ಲ. "ಬರೀರಿ. ಹಿರೇಕೆರೂರು, ಹಂಸಭಾವಿ ಕಡಿಗೂ ಗೊತ್ತಾಗ್ಲಿ. ಗುಳಿಗಿ ಕೊಡೂಕಿಂತ ಮದಲ ಒಂದು ಮಾತು ಕೇಳ್ರಿ ಅಂತ ಬರೀರಿ. ಅಷ್ಟ ಸಾಕು."

ಕಟ್ಟೆಯ ಕೊನೆಯಲ್ಲಿ ಸಿದ್ದವ್ವಳ ಮಗಳು ಮಂಜವ್ವ ಕುಳಿತಿದ್ದಾಳೆ. ಜ್ವರ, ತಲೆನೋವು. ಒಮ್ಮೆ ಆ ಗುಳಿಗೆ ನುಂಗಿ ಇವಳ ತುಟಿಯೂ ಬಾತಿತ್ತು. ಕಂಪೌಂಡರರು ಬಂದು, ಹಣೆ ಮುಟ್ಟಿ, ಬಿಳಿ ಗುಳಿಗೆಯ ಬಾಟಲಿ ತೆಗೆಯುತ್ತಾರೆ.

ಗೌಸಬಿ ಮಂಜವ್ವಳ ಎಡಗೈ ಎತ್ತಿ ಅವರ ಮುಖದೆದುರು ಹಿಡಿಯುತ್ತಾರೆ. ಮುಂಗೈಯ ಒಳಮೈಯಲ್ಲಿ ಮೂರು ಹಸಿರು ಚುಕ್ಕಿ, ಒಂದೇ ಸಾಲಿನಲ್ಲಿ. ಹೋದ ಸಂತೆಯಲ್ಲಿ ಹಚ್ಚೆಯ ತಿಪ್ಪವ್ವ ಸೂಜಿ ಚುಚ್ಚುವಾಗ ಹುಡುಗಿಯ ಕೈ ಹಿಡಿದು ಕುಳಿತಿದ್ದವರೂ ಇವರೇ.

ಕಂಪೌಂಡರರು ಬಾಟಲಿಯ ಮುಚ್ಚಳ ತಿರುಗಿಸುವುದನ್ನು ನಿಲ್ಲಿಸುತ್ತಾರೆ.

"ದಾರಾ ಕತ್ತರಿಸಿದ್ರಿ," ಎನ್ನುತ್ತಾರೆ ಗೌಸಬಿ, ಕೈ ಇಳಿಸದೆ. "ಇದನ್ನ ಕತ್ತರಸ್ರಿ ನೋಡೂಣು."