ಗುರುತು: ಮುಚ್ಚಿದ ಛತ್ರಿ

ಕಾಕುವಿನ ಬಲಗಿವಿಯ ಹಿಂದೆ ಒಂದು ಎಳೆ ಕೂದಲು ನೀಲಿಯಾಗಿತ್ತು. ಅಂಚೆ ಕಾರ್ಡು ಬರೆಯುವಾಗ ಪೆನ್ನು ಮಸಿ ಕಾರಿಕೊಂಡರೆ ನಿಬ್ಬನ್ನು ಅಲ್ಲಿಗೇ ಒರೆಸುವುದು ಅವರ ರೂಢಿ. ಕೂದಲು ಕಪ್ಪಗಿರುವವರೆಗೆ ಯಾರಿಗೂ ತಿಳಿಯಲಿಲ್ಲ. ಬೆಳ್ಳಗಾದ ಮೇಲೆ ಮುಚ್ಚಿಡಲಾಗಲಿಲ್ಲ. ಶಾಂಪೂ ಬದಲಿಸಿ ನೋಡಿ ಎಂದು ಸೊಸೈಟಿಯ ಹೆಂಗಸರು ಮರಾಠಿಯಲ್ಲಿ ಸಲಹೆ ಕೊಡುತ್ತಿದ್ದರು. ಕಾಕು "ಹೋ, ಹೋ" ಎಂದು ತಲೆಯಾಡಿಸಿ, ಮರುದಿನ ಮತ್ತೆ ಅಲ್ಲಿಗೇ ಒರೆಸುತ್ತಿದ್ದರು.

ಅವರು ನನಗೆ ಸಂಬಂಧಿಕರಲ್ಲ. ಪುಣೆಯ ಕೋಥರೂಡದಲ್ಲಿ ಕಾಕಾ ಮತ್ತು ಅವರು ಇಬ್ಬರೇ ಇರುತ್ತಿದ್ದರು, ಮಕ್ಕಳಿರಲಿಲ್ಲ. ಕಾಕಾ ಒಂದು ಸರಕಾರಿ ಕಚೇರಿಯಲ್ಲಿ ಕಾರಕೂನರು. ವಿಜಾಪುರ, ಬಾಗಲಕೋಟೆ ಕಡೆಯಿಂದ ಪುಣೆಗೆ ಓದಲು ಬರುವ ಹುಡುಗಿಯರಿಗೆ ತಮ್ಮ ಹೊರಗಿನ ಕೋಣೆಯನ್ನು ಕೊಡುತ್ತಿದ್ದರು. ಹುಡುಗಿ ಊರು ಬಿಡುವ ಮೊದಲೇ ಅವಳ ಮನೆಗೆ ಕಾಕುವಿನ ಕಾರ್ಡು ಬಂದು ಮುಟ್ಟುತ್ತಿತ್ತು. ಯಾವಾಗ ಬರಬೇಕು, ಏನು ತರಬೇಕು ಎಂಬುದು ಬಿಟ್ಟರೆ ಅದರಲ್ಲಿ ಬೇರೆ ಮಾತು ಇರುತ್ತಿರಲಿಲ್ಲ.

ನನಗೆ ಬಂದ ಕಾರ್ಡು ಇನ್ನೂ ನನ್ನ ಬಳಿ ಇದೆ. ತೊಂಬತ್ತರ ದಶಕದ ಆರಂಭ. ನಾನು ಇತಿಹಾಸದಲ್ಲಿ ಎಂ.ಎ. ಮಾಡಲು ಹೊರಟಿದ್ದೆ. "ಮಿರಗದ ಮಳಿ ಹಿಡಿಯೂದರೊಳಗ ಬಾ. ಆಮ್ಯಾಲೆ ಬಂದ್ರ ದಸರಾತನಕ ಇಲ್ಲೆ ಏನೂ ಒಣಗೂದಿಲ್ಲ. ಮಧ್ಯಾಹ್ನ ಒಂದರಿಂದ ನಾಕರ ನಡುವ ಬಂದು ಇಳೀಬ್ಯಾಡ, ಪುಣೆ ಮಲಗಿರ್ತದ. ಗಾದಿ ತರಬ್ಯಾಡ. ಚರ್ಮದ ಚಪ್ಪಲಿ ತರಬ್ಯಾಡ. ಜ್ವಾಳ ಇಲ್ಲೆ ಸಿಗ್ತಾವ, ಹೊರಬ್ಯಾಡ. ಒಂದು ಕೀಲಿ, ಒಂದು ಸ್ವೆಟರ್, ಒಂದು ಹೊದಿಕಿ, ರೇನ್‌ಕೋಟ್, ಶೇಂಗಾ ಚಟ್ನಿ ತಗೊಂಡು ಬಾ. ಸ್ವಾರಗೇಟಿಗೆ ನಮ್ಮವರು ಬರ್ತಾರ. ಗುರ್ತು: ಕರೀ ಟೊಪಗಿ, ದಪ್ಪ ಚಷ್ಮಾ, ಕೈಯಾಗ ಮುಚ್ಚಿದ ಛತ್ರಿ. ಮಾತಾಡೂದಿಲ್ಲ, ಹೆದರಬ್ಯಾಡ."

ಮುಖವನ್ನೇ ಕಾಣದ ಹೆಂಗಸು ಹೀಗೆ ಅಪ್ಪಣೆ ಕೊಡಿಸುವುದೇ ಎಂದು ನನಗೆ ಮೈಯುರಿಯಿತು. ಅಪ್ಪನಿಗೆ ಗಾದಿಯ ಮಾತು ಹಿಡಿಸಲಿಲ್ಲ. ಪರಸ್ಥಳದಲ್ಲಿ ಮಗಳು ಬರಿ ನೆಲದ ಮೇಲೆ ಮಲಗುವುದೆಂದರೇನು ಎಂದು ಪಿಂಜಾರನನ್ನು ಕರೆಸಿ, ಹೊಸ ಹತ್ತಿ ತುಂಬಿಸಿ ಗಾದಿ ಹೊಲಿಸಿದರು. ಅದು ಸಿದ್ಧವಾಗುವಷ್ಟರಲ್ಲಿ ಮೃಗಶಿರಾ, ನಮ್ಮ ಕಡೆಯ ಮಿರಗದ ಮಳೆ ಹಿಡಿದಿತ್ತು. ಬಸ್ಸಿನ ಟಾಪಿನ ಮೇಲೆ ಗಾದಿ, ಒಳಗೆ ನಾನು. ಸೊಲ್ಲಾಪುರ ದಾಟಿದ್ದೇ ತಡ, ಆಕಾಶ ಕಳಚಿ ಬಿತ್ತು. ಸ್ವಾರಗೇಟ್ ಬಸ್ ಸ್ಟ್ಯಾಂಡಿನಲ್ಲಿ ಆ ಗಾದಿಯನ್ನು ಕೆಳಗಿಳಿಸಲು ಇಬ್ಬರು ಹಮಾಲರು ಬೇಕಾದರು.

ಅಂಥ ಮಳೆಯಲ್ಲಿ ಒಬ್ಬರು ಕರಿ ಟೊಪ್ಪಿಗೆ ಹಾಕಿಕೊಂಡು, ಛತ್ರಿಯನ್ನು ಮುಚ್ಚಿ ಕೈಯಲ್ಲಿ ಹಿಡಿದುಕೊಂಡು, ತೊಯ್ದು ತೊಪ್ಪೆಯಾಗಿ ನಿಂತಿದ್ದರು. ಛತ್ರಿ ಬಿಚ್ಚಬಾರದಿತ್ತೇ ಎಂದು ಕೇಳಿದೆ.

"ಮುಚ್ಚಿದ್ದು ಅಂತ ಬರದಾಳಲ್ಲ," ಎಂದರು ಕಾಕಾ. "ಬಿಚ್ಚಿದ್ರ ನಿನಗ ಗುರ್ತು ಹೆಂಗ ಹತ್ತಬೇಕು?"

ಆಮೇಲೆ ಬಿಚ್ಚಿ ನನ್ನ ತಲೆಯ ಮೇಲೆ ಹಿಡಿದರು. ಮನೆ ಮುಟ್ಟುವವರೆಗೆ ಇನ್ನೊಂದು ಮಾತಾಡಲಿಲ್ಲ.

ಕಾಕು ನನ್ನನ್ನು ಬೈಯಲಿಲ್ಲ. ಗಾದಿಯನ್ನು ಬಾಲ್ಕನಿಯ ಕಟಾಂಜನದ ಮೇಲೆ ಹಾಕಿಸಿದರು. ಅದರಿಂದ ಹನಿ ಹನಿ ನೀರು ಕೆಳಮನೆಯವರ ತುಳಸಿಯ ಮೇಲೆ ಬಿದ್ದು, ಅವರು ಮೇಲೆ ಬಂದು ತಕರಾರು ಮಾಡಿ ಹೋದರು. "ಊರು ನೆನಸಿ ಅಳಲಿಕ್ಕೆ ಹತ್ತೇದ. ಅಳಲಿ ಬಿಡು," ಎಂದರು ಕಾಕು ನನ್ನ ಕಡೆ ನೋಡದೆ. ಆ ವಾರ ಅಳುತ್ತಿದ್ದದ್ದು ಗಾದಿಯೊಂದೇ ಅಲ್ಲ ಎಂಬುದು ಅವರಿಗೆ ಗೊತ್ತಿತ್ತು. ದಿನಾ ಬೆಳಿಗ್ಗೆ ಆಚೆ ತುದಿ ಅವರು, ಈಚೆ ತುದಿ ನಾನು ಹಿಡಿದು ಅದನ್ನು ಮಗ್ಗುಲು ಬದಲಿಸುತ್ತಿದ್ದೆವು. ಹಾಗೆ ಬದಲಿಸುವಾಗ ಒಂದು ದಿನ ತಮ್ಮ ಕಥೆ ಹೇಳಿದರು.

"ನನಗ ಯಾರೂ ಕಾರ್ಡು ಬರೀಲಿಲ್ಲ," ಎಂದರು. ಮದುವೆಯಾದ ವರ್ಷ, ಶ್ರಾವಣದ ಮಳೆಯಲ್ಲಿ, ಕಣ್ಣು ಮಂಜಾದ ಅಜ್ಜಿಯ ಜೊತೆ ರೇಷ್ಮೆ ಸೀರೆಗಳ ಟ್ರಂಕು ತೆಗೆದುಕೊಂಡು ಬಂದಿದ್ದರಂತೆ. ಸ್ವೆಟರ್ ಇಲ್ಲ, ಹೊದಿಕೆ ಇಲ್ಲ. ಸೀರೆಗಳು ತೊಯ್ದು ಒಂದರ ಬಣ್ಣ ಇನ್ನೊಂದಕ್ಕೆ ಹತ್ತಿತ್ತು. ಅದು ಹಾಳಾಗಲಿ, ಗಂಡನ ಮುಖವೇ ಗೊತ್ತಿರಲಿಲ್ಲ. "ಮದುವ್ಯಾಗ ತಲಿ ಎತ್ತಿದ್ರಲ್ಲ ಮುಖ ಕಾಣೂದು? ಒಂದು ಫೋಟೋ ಇತ್ತು. ಅದನ್ನೂ ಮನ್ಯಾಗ ಮರತು ಬಂದಿದ್ದೆ." ಸ್ವಾರಗೇಟಿನ ಒಂದು ಕಡೆ ಇವರು, ಇನ್ನೊಂದು ಕಡೆ ಕಾಕಾ. ತಲೆತುಂಬ ಸೆರಗು ಹೊದ್ದವಳನ್ನು ಕಾಕಾ ಕೂಡ ಗುರುತಿಸಲಿಲ್ಲ. ಎರಡು ತಾಸಿನ ಮೇಲೆ ಜನವೆಲ್ಲ ಚದುರಿ, ಉಳಿದವರು ಇವರೇ ಎಂದಾದಾಗ ಕಾಕಾ ಹತ್ತಿರ ಬಂದರಂತೆ. "ಆ ಎರಡು ತಾಸು ವೈರಿಗೂ ಬ್ಯಾಡವಾ. ಅದಕ್ಕ ಎಲ್ಲಾರಿಗೂ ಬರೀತೇನಿ."

ಗಾದಿ ಒಣಗಿದ್ದು ನವರಾತ್ರಿಯಲ್ಲಿ. ಅಷ್ಟರಲ್ಲಿ ನಾನೂ ಅವರ ಮಾತು ಕೇಳುವುದನ್ನು ಕಲಿತಿದ್ದೆ. ಗಣಪತಿ ಕಳಿಸುವ ದಿನ ಪುಣೆಯಲ್ಲಿ ಯಾರೂ ಬಂದಿಳಿಯಬಾರದು. ಬ್ಯಾಗು ಹೊತ್ತುಕೊಂಡು ಮೆರವಣಿಗೆಯಲ್ಲಿ ಕುಣಿಯಬೇಕಾಗುತ್ತದೆ. ಬೇಸಿಗೆಯಲ್ಲಿ ಊರು ನೋಡುತ್ತೇವೆ ಎನ್ನುವವರಿಗೆ "ಶನಿವಾರವಾಡೆ ಎಲ್ಲೂ ಓಡಿ ಹೋಗೂದಿಲ್ಲ, ದೀಪಾವಳಿ ಆದಮ್ಯಾಲೆ ಬರ್ರಿ" ಎಂದು ಬರೆದುಹಾಕುತ್ತಿದ್ದರು. ದೀಪಾವಳಿ ದಾಟಿದರೆ ಶಿವರಾತ್ರಿಯವರೆಗೆ ಯಾವಾಗ ಬಂದರೂ ಒಳ್ಳೆಯದೇ. ನನ್ನ ಅಪ್ಪ ಅವ್ವ ಕೂಡ ಅವರ ಅಪ್ಪಣೆಯಂತೆ ಕಾರ್ತಿಕದಲ್ಲಿ ಬಂದರು. ಗಾದಿ ತರಲಿಲ್ಲ.

ಓದು ಮುಗಿಯಿತು. ಪುಣೆಯಲ್ಲೇ ಹಡಪಸರದಲ್ಲಿ ಕೆಲಸ ಸಿಕ್ಕಿತು, ಮದುವೆಯಾಯಿತು, ಕಾಕುವಿನ ಮನೆಯಿಂದ ಹತ್ತು ನಿಮಿಷದ ದಾರಿಯಲ್ಲೇ ಮನೆ ಮಾಡಿದೆವು. ಎರಡು ಸಾವಿರ ಇಸವಿ ದಾಟಿ ಕೆಲವು ವರ್ಷವಾಗಿತ್ತು. ಒಂದು ದಿನ ನನ್ನ ಮನೆಯ ಡಬ್ಬಿಯಲ್ಲಿ ಕಾಕುವಿನ ಕಾರ್ಡು. ಮಿರಗದ ಮಳಿ ಹಿಡಿಯೂದರೊಳಗ ಬಾ, ಗಾದಿ ತರಬ್ಯಾಡ. ನಾನು ಗಟ್ಟಿಯಾಗಿ ನಕ್ಕೆ. ಹಳೆಯ ಗಾದಿಯನ್ನು ನೆನೆದು ನನ್ನನ್ನು ಚೇಷ್ಟೆ ಮಾಡಿದ್ದಾರೆ ಎಂದುಕೊಂಡು ಆಫೀಸಿನಲ್ಲಿ ನಾಲ್ಕು ಜನಕ್ಕೆ ತೋರಿಸಿದೆ. ಸಂಜೆ ಹೋಗಿ ಕಾಕುವಿಗೆ ಹೇಳಿದಾಗ ಅವರು ನನ್ನ ಮುಖ ನೋಡಿ, ಸ್ವಲ್ಪ ತಡೆದು, ನಾನು ನಗುತ್ತಿದ್ದೇನೆಂದು ತಾವೂ ನಕ್ಕರು. ಆ ತಡೆಯನ್ನು ನಾನು ಗಮನಿಸಿದೆ. ಗಮನಿಸಿಯೂ ಬಿಟ್ಟುಬಿಟ್ಟೆ.

ಮುಂದಿನ ತಿಂಗಳು ಇನ್ನೊಂದು ಕಾರ್ಡು ಬಂತು. ವಿಳಾಸ ನನ್ನದು, ಹೆಸರು ಎಂದೋ ಓದಿ ಹೋದ ಮತ್ತೊಬ್ಬ ಹುಡುಗಿಯದು. ಕಾಕಾ ಮತ್ತು ನಾನು ಅವರನ್ನು ಡಾಕ್ಟರರ ಬಳಿ ಕರೆದುಕೊಂಡು ಹೋದೆವು. ಡಾಕ್ಟರರು ರೋಗಕ್ಕೊಂದು ಹೆಸರು ಹೇಳಿದರು. ಔಷಧ ಹೇಳಲಿಲ್ಲ.

ಮರುವರ್ಷ ಬ್ಯಾಗು ಶುರುವಾಯಿತು. ನಾಲ್ಕು ಗಂಟೆಯ ಚಹಾ ಕುಡಿದ ಮೇಲೆ ಕಾಕು ಮಂಚದ ಕೆಳಗಿನ ರೆಕ್ಸಿನ್ ಬ್ಯಾಗನ್ನು ಎಳೆದು ಸಾಮಾನು ತುಂಬಲು ಕೂರುತ್ತಿದ್ದರು. ಪುಣೆಗೆ ಹೋಗಬೇಕು. ಇದೇ ಪುಣೆ ಕಾಕು ಎಂದು ಬಾಲ್ಕನಿಗೆ ಕರೆದುಕೊಂಡು ಹೋಗಿ ರಸ್ತೆ, ಅಂಗಡಿ, ಮರಾಠಿ ಬೋರ್ಡು ಎಲ್ಲ ತೋರಿಸಿದೆ. ಅವರು ಸಹನೆಯಿಂದ ನೋಡಿ, "ಅಲ್ಲರೀ ಅಕ್ಕಾರ, ನಮ್ಮವರು ಪುಣೆದಾಗ ಇರ್ತಾರ. ನಾ ಅಲ್ಲಿಗೆ ಹೋಗಬೇಕು," ಎಂದರು. ನನ್ನನ್ನು ಅಕ್ಕಾರ ಎಂದದ್ದು ಅದೇ ಮೊದಲು.

ಕಾಕಾ ಅವರ ಕಣ್ಣಿಗೆ ಬಸ್ ಸ್ಟ್ಯಾಂಡಿನ ಕಂಟ್ರೋಲರ್ ಆಗಿದ್ದರು. "ಸಾಹೇಬ್ರ, ಪುಣೆ ಗಾಡಿ ಎಷ್ಟಕ್ಕ್ರಿ?" ಎಂದು ಸೆರಗು ಸರಿಮಾಡಿಕೊಂಡು ಕೇಳುತ್ತಿದ್ದರು. ಮೊದಮೊದಲು ಕಾಕಾ ವಾದಿಸಿದರು, ಅತ್ತರು, ನಾನೇ ನಿನ್ನ ಗಂಡ ಎಂದರು. ಪರಪುರುಷ ಹೀಗೆನ್ನುವುದನ್ನು ಕೇಳಿ ಕಾಕು ಹೆದರಿ ಅಡಿಗೆಮನೆಯ ಬಾಗಿಲು ಹಾಕಿಕೊಂಡರು. ಅಂದಿನಿಂದ ಕಾಕಾ ವಾದಿಸುವುದನ್ನು ಬಿಟ್ಟರು. ಅವರು ಕೇಳಿದಾಗಲೆಲ್ಲ "ಇನ್ನೂ ಬಂದಿಲ್ರಿ," ಎಂದಷ್ಟೇ ಹೇಳಿ ಪೇಪರು ಓದುತ್ತ ಕೂರುತ್ತಿದ್ದರು.

ಇದನ್ನೆಲ್ಲ ಹೇಗೋ ತಡೆದುಕೊಳ್ಳಬಹುದಿತ್ತು. ಆದರೆ ಕಾಕು ತೆರೆದ ಬ್ಯಾಗಿನ ಮುಂದೆ ಕುಳಿತು ಒಂದು ಸೀರೆ ಇಡುವುದು, ತೆಗೆಯುವುದು, ಮತ್ತೆ ಇಡುವುದು ಮಾಡುತ್ತಿದ್ದರು. "ಏನು ತಗೊಂಡು ಹೋಗಬೇಕು ಅಂತ ಯಾರೂ ಹೇಳವಲ್ರು," ಎಂದು ಸಣ್ಣ ಹುಡುಗಿಯಂತೆ ಅಳುತ್ತಿದ್ದರು. ಊರಿಗೆಲ್ಲ ಹೇಳಿದವರು ಇವರು. ಒಂದು ದಿನ ಮನೆಗೆ ಬಂದವಳೇ ಅವರ ಹಳೆಯ ಕಾರ್ಡನ್ನು ಎದುರಿಗಿಟ್ಟುಕೊಂಡು ಅವರಿಗೇ ಒಂದು ಕಾರ್ಡು ಬರೆದೆ. ಈಗ ಬರಬ್ಯಾಡ್ರಿ, ಮಳಿ ಭಾಳ ಅದ, ಏನೂ ಒಣಗೂದಿಲ್ಲ. ಬರುವಾಗ ಒಂದು ಕೀಲಿ, ಒಂದು ಸ್ವೆಟರ್, ಒಂದು ಹೊದಿಕಿ, ರೇನ್‌ಕೋಟ್, ಶೇಂಗಾ ಚಟ್ನಿ. ಚರ್ಮದ ಚಪ್ಪಲಿ ಬ್ಯಾಡ. ಕೊನೆಗೆ "ನಿಮ್ಮ ಕಾಕು" ಎಂದು ಸಹಿ ಮಾಡಿ ಓಣಿಯ ಕೆಂಪು ಡಬ್ಬಿಗೆ ಹಾಕಿದೆ. ಗುರುತಿನ ಸಾಲನ್ನು ಮಾತ್ರ ಬರೆಯಲಿಲ್ಲ. ಎಲ್ಲಿಗೂ ಹೊರಡದವರನ್ನು ಕರೆದುಕೊಳ್ಳಲು ಯಾರು ಬರಬೇಕು ಎಂದುಕೊಂಡೆ. ಕಾರ್ಡಿನಲ್ಲಿ ಜಾಗವೂ ಉಳಿದಿರಲಿಲ್ಲ.

ಕಾರ್ಡನ್ನು ಕಾಕು ಎರಡು ಸಲ ಓದಿದರಂತೆ. "ಯಾರೋ ತಿಳದವರು ಬರದಾರ," ಎಂದು ಕಾಕಾಗೆ ಹೇಳಿ, ಬ್ಯಾಗನ್ನು ಮಂಚದ ಕೆಳಗೆ ತಳ್ಳಿ, ನಾಲ್ಕು ದಿನ ನೆಮ್ಮದಿಯಿಂದ ಇದ್ದರು. ಐದನೆಯ ದಿನ ಮತ್ತೆ ಬ್ಯಾಗು ಹೊರಗೆ ಬಂತು. ನಾನು ಮತ್ತೆ ಬರೆದೆ. ಮಳೆಗಾಲವಿಡೀ ವಾರಕ್ಕೊಂದು ಕಾರ್ಡು. ಮಳೆ ಸಾಲದಾದಾಗ ಗಣಪತಿಯ ಗದ್ದಲ, ಅದಾದ ಮೇಲೆ ದಸರಾ, ಆಮೇಲೆ ದೀಪಾವಳಿಗೆ ಬಸ್ಸಿನಲ್ಲಿ ಸೀಟು ಸಿಗುವುದಿಲ್ಲ. ನನ್ನ ಕಾರಣಗಳೆಲ್ಲ ಅವರಿಂದಲೇ ಕಲಿತವು. ಅವರ ಕಾರಣಗಳು ದೀಪಾವಳಿಗೆ ಮುಗಿಯುತ್ತಿದ್ದವು.

ದೀಪಾವಳಿ ಮುಗಿದ ಮರುವಾರ ಕಾಕು ನನ್ನ ಕಾರ್ಡನ್ನು ಕೈಯಲ್ಲಿ ಹಿಡಿದು ಬಾಗಿಲಲ್ಲಿ ನಿಂತಿದ್ದರು. "ದೀಪಾವಳಿ ಆದಮ್ಯಾಲೆ ಬರ್ರಿ ಅಂತ ಬರದಾರ. ಆತಲ್ಲ ದೀಪಾವಳಿ." ಕಾಕಾ ನನ್ನ ಮುಖ ನೋಡಿದರು. ಹೊರಗೆ ಹಿತವಾದ ಬಿಸಿಲಿತ್ತು, ಗಾಳಿ ತಣ್ಣಗಿತ್ತು. ಅವರ ಲೆಕ್ಕದಂತೆ ಪುಣೆಗೆ ಬರಲು ಇದಕ್ಕಿಂತ ಒಳ್ಳೆಯ ದಿನವಿರಲಿಲ್ಲ. ಹಾಗಾದರೆ ಕರೆದುಕೊಂಡು ಬಂದೇ ಬಿಡೋಣ ಎಂದು ಕಾಕಾ ಒಳಗೆ ಹೋಗಿ, ಎಷ್ಟೋ ವರ್ಷದಿಂದ ಹಾಕದ ಕರಿ ಟೊಪ್ಪಿಗೆಯನ್ನು ಹುಡುಕಿ ತೆಗೆದರು.

ಕಾಕುವನ್ನು ಬ್ಯಾಗಿನ ಸಮೇತ ರಿಕ್ಷಾದಲ್ಲಿ ಸ್ವಾರಗೇಟಿಗೆ ಕರೆದೊಯ್ದು ನಮ್ಮ ಕಡೆಯ ಬಸ್ಸು ನಿಲ್ಲುವಲ್ಲಿ ಬೆಂಚಿನ ಮೇಲೆ ಕೂರಿಸಿದೆ. ಬಂದೆವು ನೋಡಿ, ಪುಣೆ ಇದು ಎಂದೆ. ಈ ಸಲ ನಂಬಿದರು. ಮುಖ ಒರೆಸಿಕೊಂಡು, ತಲೆಯ ಮೇಲೆ ಸೆರಗು ಹೊದ್ದು, ಬರುವವರನ್ನೆಲ್ಲ ಒಬ್ಬೊಬ್ಬರನ್ನಾಗಿ ನೋಡತೊಡಗಿದರು. ಅಷ್ಟರಲ್ಲಿ ಸಿಟಿ ಬಸ್ಸಿನಲ್ಲಿ ಬಂದಿಳಿದ ಕಾಕಾ ನಮ್ಮೆದುರು ಬಂದು ನಿಂತರು. ಕರಿ ಟೊಪ್ಪಿಗೆ, ದಪ್ಪ ಚಷ್ಮಾ, ಮೋಡವಿಲ್ಲದ ಬಿಸಿಲಿನಲ್ಲಿ ಕೈಯಲ್ಲೊಂದು ಮುಚ್ಚಿದ ಛತ್ರಿ. ಕಾಕು ಅವರನ್ನು ದಾಟಿ ಹಿಂದೆ ಬರುತ್ತಿದ್ದವರನ್ನು ನೋಡಿದರು.

ಇವರೇ ನಿಮ್ಮನ್ನು ಕರೆದುಕೊಂಡು ಹೋಗಲು ಬಂದವರು ಎಂದೆ. ಹಿರಿಯರ ಎದುರು ಹಾಗೆಲ್ಲ ಚೇಷ್ಟೆ ಮಾಡಬಾರದು ಎಂದು ನನ್ನ ಕೈ ಹಿಡಿದು ಮೆಲ್ಲಗೆ ಗದರಿದರು. ಆಮೇಲೆ ಸರಿದು ಕಾಕಾಗೆ ಕೂರಲು ಜಾಗ ಮಾಡಿಕೊಟ್ಟರು.

"ನೀವು ಯಾರ ಹಾದಿ ನೋಡ್ಲಿಕ್ಕೆ ಹತ್ತೀರಿ?"

"ನಮ್ಮ ಮನಿಯವರು ಬರೋರದಾರ್ರಿ," ಎಂದರು ಕಾಕಾ.

"ಬರ್ತಾರ ತಗೋರಿ," ಎಂದು ಕಾಕು ಸಮಾಧಾನ ಹೇಳಿದರು. "ಗಾಡಿ ತಡಾ ಆಗಿರಬೇಕು."

ಇಬ್ಬರೂ ಕಾಯುತ್ತ ಕುಳಿತರು. ಜನ ಚದುರಲೇ ಇಲ್ಲ; ಒಂದು ಬಸ್ಸು ಖಾಲಿಯಾಗುವಷ್ಟರಲ್ಲಿ ಇನ್ನೊಂದು ಬರುತ್ತಿತ್ತು. ನಾನು ಚಹಾ ತಂದುಕೊಟ್ಟೆ, ಬೇರೆ ಏನು ಮಾಡಬೇಕೆಂದು ತೋಚಲಿಲ್ಲ. ಎರಡು ತಾಸಿನ ಮೇಲೆ ಕಾಕು ದಣಿದು ಅಲ್ಲಿಯೇ ತೂಕಡಿಸತೊಡಗಿದರು. ಎಬ್ಬಿಸಿ ಕೋಥರೂಡಕ್ಕೆ ಕರೆತಂದೆವು. ಮರುದಿನ ನಾಲ್ಕು ಗಂಟೆಗೆ ಬ್ಯಾಗು ಮತ್ತೆ ಹೊರಗೆ ಬಂತು.

ಮಾಘದ ಚಳಿಯಲ್ಲಿ ಅವರಿಗೆ ಕಫ ಕಟ್ಟಿತು. ಎಂಟು ದಿನ ಮಲಗಿದರು, ಒಂಬತ್ತನೆಯ ದಿನ ಬೆಳಿಗ್ಗೆ ಹೋದರು. ಹದಿನಾಲ್ಕನೆಯ ದಿನ ಕಾಕಾ ಮತ್ತು ನಾನು ಬ್ಯಾಗು ಬಿಚ್ಚಿದೆವು. ಒಂದು ಕೀಲಿ, ಒಂದು ಸ್ವೆಟರ್, ಒಂದು ಹೊದಿಕೆ, ರೇನ್‌ಕೋಟು, ಡಬ್ಬಿಯಲ್ಲಿ ಶೇಂಗಾ ಚಟ್ನಿ. ಚರ್ಮದ ಚಪ್ಪಲಿ ಇರಲಿಲ್ಲ. ತಳದಲ್ಲಿ, ಮಡಿಸಿದ ಕರವಸ್ತ್ರದೊಳಗೆ, ಇಪ್ಪತ್ತೈದರ ಹರೆಯದ ಕಾಕಾನ ಫೋಟೋ ಇತ್ತು. ದಟ್ಟ ಕಪ್ಪು ಕೂದಲು, ಚಷ್ಮಾ ಇಲ್ಲ.

ಕಾಕಾ ಅದನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. "ಈ ಸಲ ಮರತಿರಲಿಲ್ಲ ನೋಡು," ಎಂದರು.

ಯಾರ ಕಾರ್ಡಿನಲ್ಲೂ ಕಾಕು ಗುರುತು ಬರೆಯದೆ ಬಿಟ್ಟವರಲ್ಲ. ಆ ಎರಡು ತಾಸಿನ ಕಥೆಯನ್ನು ನನಗೆ ಹೇಳಿದವರೂ ಅವರೇ. ಆದರೂ ಇಪ್ಪತ್ತು ಕಾರ್ಡು ಬರೆದ ನಾನು ಒಂದರಲ್ಲೂ ಆ ಸಾಲು ಬರೆಯಲಿಲ್ಲ: ಸ್ವಾರಗೇಟಿಗೆ ನಿಮ್ಮವರು ಬರ್ತಾರ, ತಲಿ ಪೂರಾ ಬೆಳ್ಳಗಾಗೇದ, ವಯಸ್ಸಾಗೇದ, ಕೈಯಾಗ ಮುಚ್ಚಿದ ಛತ್ರಿ ಇರ್ತದ, ಹೆದರಬ್ಯಾಡ್ರಿ. ಬರೆದಿದ್ದರೆ ಗುರುತು ಹಿಡಿಯುತ್ತಿದ್ದರೋ ಇಲ್ಲವೋ ನನಗೆ ಗೊತ್ತಿಲ್ಲ. ನಾನು ಬರೆಯಲಿಲ್ಲ.