ರಾಶಿಯಿಲ್ಲದ ಐದಕ್ಕ

ಐದಕ್ಕನ ತಾತ ಜ್ಯೋತಿಷಿ. ಮಗ್ಗುಲು ಮನೆಯ ಕೂಸಿನಿಂದ ಹಿಡಿದು ಮೂಲೆಯ ಔಷಧಿ ಅಂಗಡಿಯವನ ಕಿರಿಯ ಅಳಿಯನವರೆಗೆ ಬೀದಿಯ ಎಲ್ಲರ ಜಾತಕವೂ ಅವರ ಕೈಯಲ್ಲೇ ಆಗಿತ್ತು. ಜಾತಕವಿಲ್ಲದೆ ಬೆಳೆದವಳು ಒಬ್ಬಳೇ, ಅವರ ಸ್ವಂತ ಮೊಮ್ಮಗಳು. ದೀಪದ ಬುಡದಲ್ಲೇ ಕತ್ತಲೆ ಎಂದು ಜನ ನಕ್ಕರೆ ತಾತನೂ ನಗುತ್ತಿದ್ದರು, ಸ್ವಲ್ಪ ತಡವಾಗಿ.

ಆದದ್ದು ಇಷ್ಟು. ಅವಳ ತಾಯಿ ಹೆರಿಗೆಗೆಂದು ತಂದೆಯ ಮನೆಗೆ ರೈಲಿನಲ್ಲಿ ಹೊರಟಿದ್ದಳು. ಇನ್ನೂ ತಿಂಗಳು ಇದೆ ಎಂದು ಎಲ್ಲರೂ ಎಣಿಸಿದ್ದರು, ಮಗುವಿಗೆ ಅಷ್ಟು ಪುರುಸೊತ್ತು ಇರಲಿಲ್ಲ. ಡಬ್ಬಿಯಲ್ಲಿದ್ದ ಹೆಂಗಸರು ಬಟ್ಟೆ ಅಡ್ಡ ಹಿಡಿದರು, ಮಗು ಹುಟ್ಟಿತು, ಗಲಾಟೆಯಲ್ಲಿ ಯಾರೂ ಗಡಿಯಾರ ನೋಡಲಿಲ್ಲ. ಮನೆಗೆ ಬಂದ ಮಗಳನ್ನು ತಾತ ಮೊದಲು ಕೇಳಿದ್ದೇ ಹೊತ್ತು.

"ಹೊತ್ತು ನೋಡೋ ಹೊತ್ತಾ ಅಪ್ಪಾ ಅದು?" ಎಂದಳು ಮಗಳು. ಯಾವ ಊರು ಎಂದರೆ ಅದೂ ಗೊತ್ತಿಲ್ಲ. ರೈಲು ಓಡುತ್ತಿತ್ತು, ಅಷ್ಟೇ.

ತಾರೀಖು ಹಿಡಿದಾದರೂ ರಾಶಿ ಹೇಳೋಣವೆಂದರೆ ಅಂದೇ ಚಂದ್ರ ಮಿಥುನ ಬಿಟ್ಟು ಕರ್ಕಾಟಕಕ್ಕೆ ಕಾಲಿಡುವ ದಿನ. ಮಧ್ಯಾಹ್ನ ಮೂರು ಗಂಟೆಯೊಳಗೆ ಹುಟ್ಟಿದ್ದರೆ ಗಾಳಿಯ ರಾಶಿ, ಆಮೇಲಾದರೆ ನೀರಿನದು. ತಾತ ವಾರವೆಲ್ಲ ತಲೆ ಕೆರೆದುಕೊಂಡು ಕೊನೆಗೆ ಪೆನ್ಸಿಲ್ ಕೆಳಗಿಟ್ಟರು. ಅಳಿಯ ಲಾರಿಯಲ್ಲಿ ಊರೂರು ಸುತ್ತುವವನಾದ್ದರಿಂದ ತಾಯಿ ಮಗು ತಾತನ ಮನೆಯಲ್ಲೇ ಉಳಿದರು.

ಹುಡುಗಿಗೆ ಏಳೋ ಎಂಟೋ ವರ್ಷವಿದ್ದಾಗ ಬೀದಿಯ ಮಕ್ಕಳೆಲ್ಲ ಒಂದು ಸಂಜೆ ಮೆಟ್ಟಿಲ ಮೇಲೆ ಕುಳಿತು ತಂತಮ್ಮ ರಾಶಿಯ ಬಗ್ಗೆ ಜಂಬ ಕೊಚ್ಚಿಕೊಂಡರು. ಒಬ್ಬ ಸಿಂಹ, ಒಬ್ಬಳು ಮೀನ, ಮೂಗು ಸೋರುತ್ತಿದ್ದ ಚಿಕ್ಕವನೂ ವೃಷಭ. ಇವಳು ಅಳುತ್ತಾ ಒಳಗೆ ಬಂದಳು.

"ತಾತಾ, ನಂದು ಯಾವ ರಾಶಿ?"

ತಾತ ಕನ್ನಡಕ ತೆಗೆದು ಒರೆಸಿದರು. "ಬೆಂಕಿಗೆ ಮೂರು ರಾಶಿ, ಮಣ್ಣಿಗೆ ಮೂರು, ಗಾಳಿಗೆ ಮೂರು, ನೀರಿಗೆ ಮೂರು. ಎಷ್ಟಾಯ್ತು?"

"ಹನ್ನೆರಡು."

"ಭೂತಗಳು ಎಷ್ಟು?"

"ಐದು."

"ಹಾಗಾದ್ರೆ ಐದನೇದಕ್ಕೆ ಮನೆ ಎಲ್ಲಿ?"

ಅವಳು ಬೆರಳು ಮಡಿಸಿ ಮತ್ತೊಮ್ಮೆ ಎಣಿಸಿದಳು. "ಇಲ್ಲ."

"ಇಲ್ಲ! ಆಕಾಶಕ್ಕೆ ರಾಶೀನೇ ಇಲ್ಲ. ಯಾಕೆ ಹೇಳು? ಆ ಹನ್ನೆರಡು ಮನೇನೂ ಇರೋದೇ ಅದರೊಳಗೆ. ಹಿಂದಿನ ಕಾಲದ ರಸವಾದಿಗಳು ಆ ಐದನೇದನ್ನ ಸೀಸೆಗಿಳಿಸ್ತೀವಿ ಅಂತ ಕುಲುಮೆ ಊದಿ ಊದಿ ಹುಬ್ಬು ಸುಟ್ಕೊಂಡ್ರು, ಸಿಗಲಿಲ್ಲ. ನಮ್ಮನೇಲಿ ನೋಡು, ಅಳ್ತಾ ನಿಂತಿದೆ."

ಹುಡುಗಿ ಕಣ್ಣೊರೆಸಿಕೊಂಡು ಹೊರಗೋಡಿ "ನಾನು ಐದನೇದು!" ಎಂದು ಸಾರಿದಳು. ಸಿಂಹಕ್ಕೂ ಮೀನಕ್ಕೂ ಏನೂ ಅರ್ಥವಾಗಲಿಲ್ಲ, ಆದರೆ ಹೆಸರು ಅಂಟಿಕೊಂಡಿತು. ಮೊದಲು ಐದು, ದೊಡ್ಡವಳಾದ ಮೇಲೆ ಐದಕ್ಕ.

ತಾತನ ಮುಂಕೋಣೆಯಲ್ಲಿ ಒಂದು ಉದ್ದ ಬೆಂಚಿತ್ತು, ಕಾಯುವವರಿಗೆ. ಶಾಲೆ ಬಿಟ್ಟ ಮೇಲೆ ಐದಕ್ಕ ಅದರ ತುದಿಯಲ್ಲಿ ಕೂತು ಪಾಠ ಓದುತ್ತಿದ್ದಳು. ಬಂದವರು ಸುಮ್ಮನಿರಲಾರದೆ ಅವಳ ಮುಂದೆಯೇ ಬಾಯಿ ಬಿಡುತ್ತಿದ್ದರು. ಅವಳು ನಡುವೆ ಬಾಯಿ ಹಾಕುತ್ತಿರಲಿಲ್ಲ, ಆಮೇಲೆ ಊರೆಲ್ಲ ಡಂಗುರ ಸಾರುತ್ತಲೂ ಇರಲಿಲ್ಲ. "ಮಣ್ಣಿಗೆ ಮೂಗು, ನೀರಿಗೆ ನಾಲಿಗೆ, ಬೆಂಕಿಗೆ ಕಣ್ಣು, ಗಾಳಿಗೆ ಚರ್ಮ, ಆಕಾಶಕ್ಕೆ ಕಿವಿ. ಶಾಸ್ತ್ರ ಸುಳ್ಳಾಗುತ್ತಾ?" ಎಂದು ತಾತ ಅವಳ ಕಿವಿ ಹಿಂಡುತ್ತಿದ್ದರು.

ಮೊದಲು ಕೆಟ್ಟದ್ದು ತಾತನ ಕಿವಿಯೇ. ಅವರು ಒಪ್ಪಲಿಲ್ಲ, ಜನ ಈಗೀಗ ಗೊಣಗುತ್ತಾರೆ ಎಂದರು. ಬೇಕರಿಯ ಯಜಮಾನ ಬಂದು ಕಾಲು ಮುಂದೆ ಚಾಚಿ, "ಎಡಗಡೆ ಕಾಲು, ಮೇಲೆ ಏಳೋದೇ ಕಷ್ಟ ಆಗಿದೆ" ಎಂದಾಗ ತಾತ ಕಣ್ಣುಮುಚ್ಚಿ ಗ್ರಹಗಳನ್ನು ಲೆಕ್ಕ ಹಾಕುತ್ತಿದ್ದರು. "ಅದಕ್ಕೆ ಇನ್ನು ಖರ್ಚು ಮಾಡ್ಬೇಡಿ. ಬಂದಷ್ಟಕ್ಕೆ ಮಾರಿಬಿಡಿ. ಬೇಸಿಗೆ ಹೊತ್ತಿಗೆ ಹೊಸದು ಬರುತ್ತೆ" ಎಂದರು. ಯಜಮಾನ ಬಿಳಿಚಿಕೊಂಡು ಕುಳಿತ. ಐದಕ್ಕ ಎದ್ದು ತಾತನ ಕಿವಿಯ ಹತ್ತಿರ, "ಕಾರಲ್ಲ ತಾತಾ, ಕಾಲು!" ಎಂದು ಕೂಗಿದಳು.

ಆ ಬಾರಿ ತಾಯಿ ಮಗಳು ಸೇರಿ ಅವರನ್ನು ಪೇಟೆಯ ಕಿವಿ ಡಾಕ್ಟರಮ್ಮನಲ್ಲಿಗೆ ಎಳೆದುಕೊಂಡು ಹೋದರು. ಅಲ್ಲಿ ಗಾಜಿನ ಕಿಟಕಿಯ ಸಣ್ಣ ಕೋಣೆ, ಒಳಗೋಡೆಗೆಲ್ಲ ಮೆತ್ತೆ ಹೊದಿಸಿದ್ದು. ತಾತನ ತಲೆಗೆ ಹೆಡ್‌ಫೋನ್ ಹಾಕಿ, ಸದ್ದು ಕೇಳಿದಾಗ ಬೆರಳೆತ್ತಿ ಎಂದು ಹೇಳಿ ಬಾಗಿಲು ಮುಚ್ಚಿದರು. ತಾತ ಟಪಟಪನೆ ಬೆರಳೆತ್ತಿದರು. ಹದಿಹರೆಯದ ಹುಡುಗನಿಗಿಂತ ಚೆನ್ನಾಗಿ ಕೇಳುತ್ತದೆ ಎಂದು ಯಂತ್ರ ಹೇಳಿತು. ಹೊರಗೆ ಡಾಕ್ಟರಮ್ಮನ ಪಕ್ಕದಲ್ಲಿ ಕುಳಿತಿದ್ದ ಐದಕ್ಕ ಮೆಲ್ಲಗೆ, "ಮೇಡಂ, ಸದ್ದು ಬರೋಕೆ ಮುಂಚೇನೇ ಬೆರಳೆತ್ತಾ ಇದ್ದಾರೆ" ಎಂದಳು.

ಡಾಕ್ಟರಮ್ಮ ಸದ್ದಿನ ಗುಂಡಿಯಿಂದ ಕೈ ತೆಗೆದರು. ತಾತ ಇನ್ನೂ ಬೆರಳೆತ್ತುತ್ತಲೇ ಇದ್ದರು.

"ಮುಂದೆ ಆಗೋದನ್ನ ಹೇಳೋದು ನನ್ನ ವೃತ್ತಿ" ಎಂದರು ಹೊರಗೆ ಬಂದು, ನಾಚಿಕೆಯಿಲ್ಲದೆ. ಕಿವಿಗೆ ಹಾಕಿಕೊಳ್ಳುವ ಯಂತ್ರ ಮಾತ್ರ ಬೇಡವೆಂದರು. "ಆಕಾಶಕ್ಕೆ ಬ್ಯಾಟರಿ ಹಾಕಿಸೋದಾ?"

ಡಾಕ್ಟರಮ್ಮನಿಗೆ ನಗು ತಡೆಯಲಾಗಲಿಲ್ಲ. ಪರೀಕ್ಷೆಯ ಯಂತ್ರಕ್ಕೂ ಸಿಗದ್ದನ್ನು ಹಿಡಿದ ಹುಡುಗಿಯನ್ನು ಅವರು ಮರೆಯಲಿಲ್ಲ; ಓದು ಮುಗಿದ ಮೇಲೆ ಐದಕ್ಕನಿಗೆ ಅಲ್ಲಿ ಕೆಲಸ ಸಿಕ್ಕಿದ್ದು ಹಾಗೆ. ಮೊದಲು ಬಾಗಿಲು ತೆಗೆಯುವುದು, ಚೀಟಿ ಕೊಡುವುದು. ಆಮೇಲೆ ತರಬೇತಿ ಮುಗಿಸಿ ಪರೀಕ್ಷೆ ಮಾಡುವುದು, ಕಿವಿಯ ಅಚ್ಚು ತೆಗೆಯುವುದು, ಯಂತ್ರ ಹೊಂದಿಸುವುದು. ಆ ಸಣ್ಣ ಕೋಣೆ ಅವಳಿಗೆ ಮೊದಲ ದಿನವೇ ಹಿಡಿಸಿತು. ಬಾಗಿಲು ಮುಚ್ಚಿದರೆ ಬಸ್ಸಿಲ್ಲ, ಬೀದಿಯಿಲ್ಲ, ತನ್ನ ಉಸಿರು ಮಾತ್ರ. ಮಧ್ಯಾಹ್ನದ ಊಟವಾದ ಮೇಲೆ ಅವಳು ಒಳಗೆ ಹೋಗಿ ಸ್ವಲ್ಪ ಹೊತ್ತು ಸುಮ್ಮನೆ ಕೂರುತ್ತಿದ್ದಳು. ಯಾರಾದರೂ ಕೇಳಿದರೆ ಕೋಣೆ ಪರೀಕ್ಷಿಸುತ್ತಿದ್ದೇನೆ ಎನ್ನುತ್ತಿದ್ದಳು.

ಕೋಣೆಯ ಮೆತ್ತೆ ಹರಿದಾಗ ಬದಲಿಸಲು ಸೋಫಾ ಹೊಲಿಯುವವನೊಬ್ಬ ಬಂದ. ಒಂದೇ ದಿನದ ಕೆಲಸ. ಅಳತೆ ತಪ್ಪಿತೆಂದು ಮರುದಿನ ಬಂದ, ಸೂಜಿ ಮರೆತೆನೆಂದು ಅದರ ಮರುದಿನ ಬಂದ. ನಾಲ್ಕನೆಯ ಸಲಕ್ಕೆ ಐದಕ್ಕ, "ಈಗ ಏನು ಮರೆತ್ರಿ?" ಎಂದಳು. "ಏನು ಮರೀಬೇಕು ಅಂತ ಯೋಚಿಸ್ತಾ ಬಂದೆ" ಎಂದ. ಮದುವೆಯ ಮಾತು ಬಂದಾಗ ಜಾತಕ ಕೂಡಿಸಲು ಇವಳ ಕಡೆ ಕಾಗದವೇ ಇಲ್ಲ. ತಾತ ಹುಡುಗನದನ್ನು ಮಾತ್ರ ತಿರುಗಿಸಿ ಮುರುಗಿಸಿ ನೋಡಿ, "ಅರ್ಧ ಚೆನ್ನಾಗಿ ಕೂಡುತ್ತೆ" ಎಂದು ಮುಗಿಸಿದರು.

ವರ್ಷಗಳು ಹೋದವು. ಐದಕ್ಕನಿಗೆ ಕಿವಿಯ ಹತ್ತಿರ ನರೆ ಬಂತು. ತಾತ ತೊಂಬತ್ತರ ಸಮೀಪ, ಕಿವಿ ಪೂರ್ತಿ ಕಲ್ಲು. ಬಂದವರು ಹೇಳಿದ್ದನ್ನು ಐದಕ್ಕನ ತಾಯಿ ಕೂಗಿ ತಲುಪಿಸಬೇಕು.

ಒಂದು ಬೆಳಿಗ್ಗೆ ಒಬ್ಬ ಅಜ್ಜಿ ಡಾಕ್ಟರಮ್ಮನ ಅಂಗಡಿಗೆ ಬಂದರು. ಗುಂಡಗೆ, ಕೈಯಲ್ಲಿ ಹೆಣೆದ ಚೀಲ, ಮಾತು ಮಾತ್ರ ತೀರಾ ಮೆಲ್ಲಗೆ. ಹೊಸ ಯಂತ್ರ ಹಾಕಿದ ಮೇಲೆ ಐದಕ್ಕ ಎಲ್ಲರಿಗೂ ಹೇಳುವಂತೆ ಅವರಿಗೂ, "ಏನಾದ್ರೂ ಹಳೇ ಕಥೆ ಹೇಳಿ ಅಜ್ಜಿ. ನಿಮ್ಮ ದನಿ ನಿಮಗೆ ಹೇಗೆ ಕೇಳುತ್ತೆ ನೋಡೋಣ" ಎಂದಳು.

"ಕಥೆ ಏನಮ್ಮ... ಹಾಂ, ಒಂದ್ಸಲ ನಾನು ಸ್ಟೇಷನ್ ತಪ್ಪಿಸ್ಕೊಂಡಿದ್ದೆ. ಅಕ್ಕನ ಮನೆಗೆ ಹೊರಟಿದ್ದೆ. ನಾನು ಇಳಿಯೋ ಊರು ಬಂತು, ಪೆಟ್ಟಿಗೆ ಕೈಗೆ ತಗೊಂಡೆ. ಎದುರು ಸೀಟಿನಲ್ಲಿದ್ದ ಬಸುರಿ ಹುಡುಗಿ ಗಪ್ ಅಂತ ನನ್ನ ತೋಳು ಹಿಡ್ಕೊಂಡ್ಲು ನೋಡು, ಬಿಡಲೇ ಇಲ್ಲ! ಕಿಟಕಿ ಎದುರಿಗೇ ಸ್ಟೇಷನ್ ಗಡಿಯಾರ. ರೈಲು ಹೊರಡೋಕೆ ಎಷ್ಟು ಹೊತ್ತಿದೆ ಅಂತ ನಾನು ಅದನ್ನೇ ನೋಡ್ತಾ ಇದ್ದೆ. ಮೂರೂ ಹತ್ತಕ್ಕೆ ಮಗು ಅತ್ತಿತು, ಅತ್ತ ಕೂಡಲೇ ರೈಲು ಹೊರಟಿತು. ಇಳಿಯೋದೆಲ್ಲಿ ಬಂತು!"

ಐದಕ್ಕನ ಕೈ ಯಂತ್ರದ ಮೇಲೇ ನಿಂತಿತು. "ಆ ಹುಡುಗಿ ಹತ್ರ ಸಾಮಾನು ಏನಿತ್ತು ಅಜ್ಜಿ?"

"ಹಸಿರು ಟ್ರಂಕು. ಅದರ ಮೇಲೆ ಲಾರಿ ನಂಬರು ಬರೆದಿತ್ತು. ಮನುಷ್ಯರು ಟ್ರಂಕಿಗೆ ಹೆಸರು ಬರೀತಾರೆ, ಇದೇನಿದು ಅಂದ್ಕೊಂಡೆ."

ಐದಕ್ಕನ ತಂದೆ ಲಾರಿ ಓಡಿಸುತ್ತಿದ್ದವರು. ಆ ಟ್ರಂಕು ಈಗಲೂ ಅವಳ ಮಂಚದ ಕೆಳಗಿತ್ತು, ಕಂಬಳಿ ತುಂಬಿಕೊಂಡು. ಅವಳು ಕುರ್ಚಿ ಎಳೆದು ಅಜ್ಜಿಯ ಮೊಣಕಾಲಿಗೆ ಮೊಣಕಾಲು ತಾಗುವಷ್ಟು ಹತ್ತಿರ ಕುಳಿತು, "ಆ ಮಗು ನಾನೇ ಅಜ್ಜಿ" ಎಂದಳು. ಅಜ್ಜಿ ಅವಳನ್ನು ಮೇಲಿಂದ ಕೆಳಗೆ ನೋಡಿದರು. "ಅಯ್ಯೋ ನನ್ನ ತಾಯೀ, ಎಷ್ಟು ದೊಡ್ಡವಳಾಗಿಬಿಟ್ಟೆ!" ಎಂದು ಎರಡೂ ಕೆನ್ನೆ ಹಿಡಿದರು.

ಮನೆಯಲ್ಲಿ ತಾಯಿ ಮೊದಲು ನಂಬಲಿಲ್ಲ. "ರೈಲು ನಿಂತಿತ್ತಾ? ಆವಾಗ ನನಗೆ ಲೋಕವೇ ಗಿರಗಿರ ತಿರುಗ್ತಿತ್ತು. ರೈಲು ನಿಂತಿದ್ದು ಹೇಗೆ ಗೊತ್ತಾಗ್ಬೇಕು?"

ತಾತನಿಗೆ ಹೇಳುವುದೋ ಬೇಡವೋ ಎಂದು ಐದಕ್ಕ ಎರಡು ದಿನ ತೂಗಿದಳು. ಇಷ್ಟು ವರ್ಷ ತಾನು ಆ ಹನ್ನೆರಡರಲ್ಲಿ ಯಾವ ಮನೆಗೂ ಸೇರದೆ ಹಾಯಾಗಿ ಇದ್ದವಳು. ಈಗ ಒಂದು ಮನೆಯೊಳಗೆ ಹೋಗಿ ಬಾಗಿಲು ಹಾಕಿಕೊಳ್ಳಬೇಕೇ ಅನ್ನಿಸಿತು. ಗಂಡ ದಾರ ಕಡಿಯುತ್ತಾ, "ಮುದುಕರು ಇಷ್ಟು ವರ್ಷ ಕಾದಿದ್ದಾರೆ ಕಣೇ. ನಿನಗೆ ಬೇಡದಿದ್ರೂ ಅವರಿಗೆ ಬೇಕು" ಎಂದ.

ಐದಕ್ಕ ಕೂಗಿ ಹೇಳಿದ ಸುದ್ದಿ ಕೇಳಿ ತಾತ ಎದ್ದು ಮುಖ ತೊಳೆದುಕೊಂಡು ಬಂದರು. ಆದರೆ ಬರಿಯ ಮಾತು ಸಾಲದು, ಸಾಕ್ಷಿಯನ್ನು ತಾವೇ ವಿಚಾರಿಸಬೇಕು ಎಂದರು. ಅಜ್ಜಿಯನ್ನು ಕರೆಸಿದರು. ಆಕೆಯ ಪಿಸುದನಿ ತಾತನಿಗೆ ಕೇಳಿಸುವುದು ಹೇಗೆ? ಮಗಳು ನಡುವೆ ಕೂಗಲು ಬಂದರೆ, "ನೀನು ಬೇಡ, ನೀನು ಸೇರಿಸಿ ಹೇಳ್ತೀಯ" ಎಂದು ಕೈ ಅಡ್ಡ ಹಿಡಿದರು. ಆಮೇಲೆ ಮೊಮ್ಮಗಳ ಕಡೆ ತಿರುಗಿ, ಎತ್ತಲೋ ನೋಡುತ್ತಾ, "ಆ ನಿನ್ನ ಡಬ್ಬಿ ಇದೆಯಲ್ಲ, ತಾ ನೋಡೋಣ" ಎಂದರು. ಐದಕ್ಕ ಅವರ ಕಿವಿಗೆ ಯಂತ್ರ ಹಾಕಿದಳು.

ಅಂದು ಬೆಳಿಗ್ಗೆಯೆಲ್ಲ ವಿಚಾರಣೆ. ಗಡಿಯಾರ ಸರಿಯಿತ್ತೇ? ಅಜ್ಜಿಗೆ ಆಗ ಕನ್ನಡಕವಿತ್ತೇ? ಅಳು ಮೊದಲೋ, ಮುಳ್ಳು ಹತ್ತಕ್ಕೆ ಬಂದದ್ದು ಮೊದಲೋ? ಅಜ್ಜಿ ಜಗ್ಗಲಿಲ್ಲ. ತಾತ ಲೆಕ್ಕಕ್ಕೆ ಕುಳಿತರು. ಮಧ್ಯಾಹ್ನ ಊಟಕ್ಕೂ ಏಳಲಿಲ್ಲ. ಕೊನೆಗೆ ತಲೆಯೆತ್ತಿ ಓದಿದರು:

"ಕರ್ಕಾಟಕ. ನೀರು. ವಿಪರೀತ ಮಾತು. ತಡವಾಗಿ ಮದುವೆ. ಮೂರು ಸಲ ದೇಶ ಬಿಡೋ ಯೋಗ. ಹಡಗಿನ ವ್ಯಾಪಾರದಿಂದ ಏಳಿಗೆ."

ಐದಕ್ಕ ಇಪ್ಪತ್ತೆರಡಕ್ಕೇ ಮದುವೆಯಾದವಳು, ಊರು ಬಿಟ್ಟವಳಲ್ಲ, ದೋಣಿ ಹತ್ತಿದರೂ ವಾಂತಿ ಮಾಡಿಕೊಳ್ಳುವವಳು. ಮೊದಲು ನಕ್ಕವನು ಗಂಡ. ಆಮೇಲೆ ತಾಯಿ, ಆಮೇಲೆ ಅಜ್ಜಿ. ತಾತ ಗಂಭೀರವಾಗಿ ಹಾಳೆ ನೋಡುತ್ತಲೇ ಇದ್ದರು.

"ಆ ಸ್ಟೇಷನ್ ಗಡಿಯಾರ ಮುಂದಿತ್ತು" ಎಂದರು.

"ಇರಬಹುದು ತಾತ."

"ಇಲ್ಲಾಂದ್ರೆ..." ಅವರು ಹಾಳೆ ಮಡಿಸಿ ಕೆಳಗಿಟ್ಟರು. "ಇದು ಅವತ್ತೇ ಸಿಕ್ಕಿದ್ರೆ ನಾನು ನಂಬ್ತಿದ್ದೆ ಮಗೂ. ನಿನ್ನನ್ನ ಯಾವುದೋ ಬಂದರಿಗೆ ಓದೋಕೆ ಕಳಿಸ್ತಿದ್ದೆ. ಈ ಸೋಫಾದವನಿಗೆ ಬಾಗಿಲೂ ತೆಗೀತಿರಲಿಲ್ಲ."

"ನಾನು ಕಿಟಕಿಯಿಂದ ಬರ್ತಿದ್ದೆ ತಾತ, ಏನೋ ಮರೆತೆ ಅಂತ" ಎಂದ ಗಂಡ. ಈಗ ತಾತನೂ ನಕ್ಕರು, ಕೆಮ್ಮು ಬರುವಷ್ಟು.

"ಹಾಗಾದ್ರೆ ನಾನು ಐದನೇದು ಅಂದಿದ್ದು?" ಎಂದು ಕೇಳಿದಳು ಐದಕ್ಕ.

"ಮಗು ಅಳ್ತಾ ಇತ್ತು. ಬಾಯಿಗೆ ಬಂದಿದ್ದು ಹೇಳ್ದೆ." ತಾತ ಅವಳ ಕೈ ತಟ್ಟಿದರು. "ನಾನು ಲೆಕ್ಕ ಹಾಕಿ ಹೇಳಿದ್ದರಲ್ಲಿ ಇಷ್ಟು ಸರಿಯಾಗಿ ಕೂತಿದ್ದು ಯಾವುದೂ ಇಲ್ಲ."

ತಾತ ವೃತ್ತಿ ಬಿಡಲಿಲ್ಲ, ಕಿವಿಯ ಯಂತ್ರವನ್ನೂ ಬಿಡಲಿಲ್ಲ. ಬಂದವರು ಇಷ್ಟು ವರ್ಷ ಏನೇನು ಹೇಳುತ್ತಿದ್ದರು ಎಂದು ಈಗ ಕೇಳಿ ಅವರಿಗೇ ಆಶ್ಚರ್ಯ. ಜಾತಕ ಬಿಚ್ಚುವ ಮುಂಚೆ, "ನಿನಗೇನು ಮಾಡ್ಬೇಕು ಅನ್ಸುತ್ತೆ, ಅದು ಹೇಳು ಮೊದಲು" ಎನ್ನುತ್ತಾರೆ; ಎಷ್ಟೋ ಸಲ ಗ್ರಹಗಳೂ ಅದನ್ನೇ ಹೇಳುತ್ತವೆ. ಅಜ್ಜಿ ಭಾನುವಾರ ಬಂದು ಹೋಗುತ್ತಾರೆ. ತಾತನಿಗೂ ಅವರಿಗೂ ಗಡಿಯಾರದ ಜಗಳ ಇನ್ನೂ ಮುಗಿದಿಲ್ಲ.

ಈಚೆಗೆ ಡಾಕ್ಟರಮ್ಮ ವಿಶ್ರಾಂತಿಗೆಂದು ತಂಗಿಯ ಊರಿಗೆ ಹೋದರು, ಅಂಗಡಿಯನ್ನು ಐದಕ್ಕನಿಗೇ ಬಿಟ್ಟುಕೊಟ್ಟರು. ಹೊಸ ಬೋರ್ಡು ಬರೆಸಿದಳು. ಪೇಂಟರು ಅಕ್ಷರದ ಪಕ್ಕ ಉತ್ಸಾಹದಿಂದ ದೊಡ್ಡ ಕಿವಿಯೊಂದನ್ನು ಬಿಡಿಸಿದ್ದಾನೆ, ಅದು ಥೇಟ್ ಗೋಡಂಬಿಯ ಹಾಗಿದೆ. ಗೋಡಂಬಿ ಕೇಳಿಕೊಂಡು ಬಂದವರೂ ಉಂಟು. ಐದಕ್ಕ ಅವರನ್ನೂ ಕೂರಿಸಿ, ನೀರು ಕೊಟ್ಟು, ಬಂದದ್ದು ಬಂದಿರಿ ಎಂದು ಕಿವಿ ನೋಡಿ ಕಳಿಸುತ್ತಾಳೆ.